ಒಂದು ಕುರು ಮಾಗುವಷ್ಟರಲ್ಲಿ ಇನ್ನೊಂದು

ಪ್ರಶ್ನೆ: ಹೋಟೆಲ್ ಅಡುಗೆಮನೆಯಲ್ಲಿ ಕೆಲಸ. ಆರು ಮಂದಿ ಒಂದೇ ಖೋಲಿಯಲ್ಲಿದ್ದೇವೆ. ಮಳೆಗಾಲ ಹಿಡಿದಾಗಿನಿಂದ ತೊಡೆ, ಕಂಕುಳಲ್ಲಿ ಕುರು ಏಳುತ್ತಲೇ ಇದೆ. ಈಗ ಪಕ್ಕದಲ್ಲಿ ಮಲಗುವವನಿಗೂ ಬಂದಿದೆ. ‘ರಕ್ತ ಕೆಟ್ಟಿದೆ, ಮಾವಿನಹಣ್ಣಿನ ಉಷ್ಣ’ ಅನ್ನುತ್ತಾರೆ. ಹೌದೇ?
– ಓದುಗರು, ಮಾಟುಂಗಾ

ಉತ್ತರ: ರಕ್ತವೂ ಕೆಟ್ಟಿಲ್ಲ, ಮಾವಿನಹಣ್ಣಿನ ತಪ್ಪೂ ಅಲ್ಲ. ಪಕ್ಕದವರಿಗೂ ಹರಡಿರುವುದೇ ಸುಳಿವು. ಇಂಥ ಕುರುಗಳಿಗೆ ಸಾಮಾನ್ಯ ಕಾರಣ ಸ್ಟ್ಯಾಫ್, ಅಂದರೆ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ಸುಮ್ಮನೆ ವಾಸವಾಗಿರುತ್ತದೆ. ಬೆವರಿಗೆ, ಬಿಗಿಬಟ್ಟೆಗೆ, ಬ್ಲೇಡಿಗೆ ಚರ್ಮ ತರಚಿತೋ, ಕೂದಲ ಬುಡಕ್ಕೆ ಇಳಿಯುತ್ತದೆ. ಅದರೊಡನೆ ಹೋರಾಡಿ ಸತ್ತ ಬಿಳಿ ರಕ್ತಕಣಗಳೇ ಕೀವಿನ ಬಹುಪಾಲು. ಕೀವಿನ ಸುತ್ತ ದೇಹ ಒಂದು ಗೋಡೆ ಕಟ್ಟುತ್ತದೆ. ಔಷಧಕ್ಕೂ ಆ ಗೋಡೆ ದಾಟುವುದು ಕಷ್ಟ. ಹಾಗಾಗಿ ಬಲಿತ ಕುರುವಿಗೆ ಮೊದಲ ಮದ್ದು ಮಾತ್ರೆಯಲ್ಲ, ಕೀವು ಹೊರಬರುವುದು.

ಚಿಕ್ಕದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ 10–15 ನಿಮಿಷ ಶಾಖ ಕೊಡಿ, ದಿನಕ್ಕೆ 3–4 ಸಲ. ತಾನಾಗಿ ಒಡೆದರೆ ಸೋಪುನೀರಲ್ಲಿ ತೊಳೆದು ಗಾಜ್ ಬಟ್ಟೆ ಕಟ್ಟಿ. ಹಿಂಡಲೇಬೇಡಿ; ಕೀವು ಆಳಕ್ಕೆ ನುಗ್ಗುತ್ತದೆ. ಸುಣ್ಣ-ಬೆಲ್ಲವೂ ಬೇಡ, ಸುಣ್ಣ ಚರ್ಮ ಸುಡುತ್ತದೆ. ದೊಡ್ಡದಾದರೆ ವೈದ್ಯರು ಜಾಗ ಮರಗಟ್ಟಿಸಿ ಸೀಳಿ ತೆಗೆಯುತ್ತಾರೆ. ಮರುಕಳಿಸುವುದರಿಂದ ಕೀವಿನ ಕಲ್ಚರ್ ಪರೀಕ್ಷೆ ಮಾಡಿಸಿ: ಮಾಮೂಲು ಆಂಟಿಬಯೋಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ತಳಿಯೂ ಇರಬಹುದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ಎರಡು ದಿನ ನುಂಗಿ ಬಿಡುವ ಅಭ್ಯಾಸ ಅಂಥ ತಳಿಗಳಿಗೇ ಅನುಕೂಲ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ; ಹಲವು ಕುರುಗಳು ಒಂದಾಗಿ ಏಳುವ ಬೆನ್ನುಫಣಿ ಆ ಕಾಯಿಲೆ ಇರುವವರಲ್ಲೇ ಹೆಚ್ಚು.

ಖೋಲಿಯಲ್ಲಿ ಟವೆಲ್, ರೇಜರ್, ಹೊದಿಕೆ ಒಬ್ಬೊಬ್ಬರಿಗೆ ಬೇರೆ ಇರಲೇಬೇಕು. ಮುಂಬಯಿ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ನಿಜ. ಬಿಸಿನೀರಲ್ಲಿ ಒಗೆದು, ಕೊನೆಗೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ. ಕೀವು ಒಸರುತ್ತಿದ್ದರೆ, ಅದರಲ್ಲೂ ಕೈಯಲ್ಲಿ, ಅಡುಗೆಮನೆಗೆ ಹೋಗಬೇಡಿ.

ಪ್ರಶ್ನೆ: ಸಂಜೆ ಮಾಡಿಟ್ಟ ಖೀರನ್ನು ಮರುದಿನ ಚೆನ್ನಾಗಿ ಕುದಿಸಿಯೇ ತಿಂದೆವು. ಮೂರು ಗಂಟೆಯೊಳಗೆ ಮನೆಯವರೆಲ್ಲ ವಾಂತಿ. ಕುದಿಸಿದರೂ ಹೀಗೇಕೆ?
– ಓದುಗರು, ಡೊಂಬಿವಲಿ

ಉತ್ತರ: ಇದೂ ಸ್ಟ್ಯಾಫ್ ಇರಬಹುದು. ಅಡುಗೆಯವರ ಕೈಯಿಂದ ಬಿದ್ದದ್ದು ಹೊರಗಿಟ್ಟ ಹಾಲಿನ ಪದಾರ್ಥದಲ್ಲಿ ರಾತ್ರಿಯಿಡೀ ಬೆಳೆದು ವಿಷ ಬಿಡುತ್ತದೆ. ಕುದಿತಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಆ ವಿಷ ಮೊದಲೇ ತಯಾರಿರುವುದರಿಂದಲೇ ಇಷ್ಟು ಬೇಗ ವಾಂತಿ. ಆಂಟಿಬಯೋಟಿಕ್ ಬೇಡ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಮಗುವಿಗೋ ವೃದ್ಧರಿಗೋ ಮೂತ್ರ ಕಡಿಮೆಯಾದರೆ ಕಾಯಬೇಡಿ.

ಪ್ರಶ್ನೆ: ಮಗಳಿಗೆ ಮೂಗಿನ ತುದಿಯಲ್ಲಿ ಕುರು. ಸೂಜಿಯಿಂದ ಚುಚ್ಚಲೇ?
– ಓದುಗರು, ಮುಲುಂಡ್

ಉತ್ತರ: ಬೇಡ, ಖಂಡಿತ ಬೇಡ. ಮೂಗು, ಮೇಲ್ದುಟಿಯ ರಕ್ತನಾಳಗಳಿಗೆ ಮಿದುಳಿನ ಬುಡದ ನಾಳಗಳೊಂದಿಗೆ ಸಂಪರ್ಕವಿದೆ. ಅಪರೂಪವಾದರೂ ಸೋಂಕು ಆ ದಾರಿಯಲ್ಲಿ ಸಾಗಬಲ್ಲದು. ನಾಳೆಯೇ ವೈದ್ಯರಿಗೆ ತೋರಿಸಿ. ಕಣ್ಣು ಊದಿದರೆ, ತೀವ್ರ ತಲೆನೋವು, ನಡುಕದ ಜ್ವರ ಬಂದರೆ ಅಥವಾ ಕೆಂಪು ಗಂಟೆಗಂಟೆಗೂ ಹರಡಿದರೆ ನಾಳೆಗೂ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತಕ್ಕೆ ಇಳಿದ ಸ್ಟ್ಯಾಫ್ ಹೃದಯದ ಕವಾಟ, ಮೂಳೆ, ಶ್ವಾಸಕೋಶದಲ್ಲಿ ನೆಲೆಯೂರುತ್ತದೆ. ಆಗ ವಾರಗಟ್ಟಲೆ ರಕ್ತನಾಳದ ಮೂಲಕ ಔಷಧ ಕೊಡಬೇಕಾಗುತ್ತದೆ.