ಕಾಲ್ಬೆರಳ ಸಂದಿಯ ತುರಿಕೆ ಮುಲಾಮು ಬಿಟ್ಟ ಕೂಡಲೇ ಮತ್ತೆ ಬರುತ್ತದೆ, ಯಾಕೆ?

ಕಿರುಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತಿದೆ, ಮನೆಯಲ್ಲಿದ್ದ ಮುಲಾಮು ಹಚ್ಚಿದರೆ ಎರಡೇ ದಿನಕ್ಕೆ ಆರಾಮ, ಬಿಟ್ಟರೆ ವಾರದೊಳಗೆ ಮತ್ತೆ ಶುರು, ಈಗ ಹೆಬ್ಬೆರಳ ಉಗುರೂ ಹಳದಿಯಾಗುತ್ತಿದೆ ಅಂತ ಬರೆದಿದ್ದೀರಿ. ನಾನು ಚರ್ಮರೋಗ ವಿಭಾಗದಲ್ಲಿ ನರ್ಸ್. ಇದೇ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳುತ್ತಿರುತ್ತೇನೆ.

ಮೊದಲು ಆ ಟ್ಯೂಬ್ ತೆಗೆದು, ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಕೆಂಪು, ತುರಿಕೆ ತಕ್ಷಣ ಅಡಗುತ್ತವೆ, ತುರಿಕೆಗೆ ಕಾರಣವಾದ ಫಂಗಸ್ (ಶಿಲೀಂಧ್ರ) ಮಾತ್ರ ಒಳಗೊಳಗೇ ಹರಡುತ್ತದೆ. ಅದರ ಗುರುತಿನ ಅಂಚೂ ಮಾಸಿಹೋಗುವುದರಿಂದ ಡಾಕ್ಟರಿಗೂ ಒಮ್ಮೊಮ್ಮೆ ಪತ್ತೆಯಾಗುವುದಿಲ್ಲ. ಅಂಥದ್ದಾಗಿದ್ದರೆ ಇವತ್ತೇ ಬಿಡಿ. ಬಿಟ್ಟ ಮೇಲೆ ಕೆಲವು ದಿನ ತುರಿಕೆ ಹೆಚ್ಚಾಗಬಹುದು, ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ.

ನೀವು ಹೇಳಿದ ಲಕ್ಷಣ ನೋಡಿದರೆ ಜನ ಕೆಸರುಹುಣ್ಣು ಅನ್ನುವ ಫಂಗಸ್ ಸೋಂಕೇ ಇರಬೇಕು. ಸಾಮಾನ್ಯವಾಗಿ ಅದು ಶುರುವಾಗುವುದು ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ, ಗಾಳಿಯಾಡದ ಜಾಗ ಅದು. ಬೆರಳುಗಳನ್ನು ಅಗಲಿಸಿ ಬೆಳಕಿನಲ್ಲಿ ನೋಡಿ: ಚರ್ಮ ನೀರಲ್ಲಿ ನೆಂದ ಕಾಗದದ ಹಾಗೆ ಬಿಳಿಚಿರುತ್ತದೆ, ತಳದಲ್ಲಿ ಸಣ್ಣ ಬಿರುಕು ಇರುತ್ತದೆ. ಇದಕ್ಕೆ ಟರ್ಬಿನಾಫಿನ್ 1% ಕ್ರೀಮ್ ಒಂದೆರಡು ವಾರ, ಇಲ್ಲವೇ ಕ್ಲೋಟ್ರಿಮಜೋಲ್ 1% ದಿನಕ್ಕೆರಡು ಬಾರಿ ನಾಲ್ಕು ವಾರದವರೆಗೆ. ಕಾಲು ತೊಳೆದು, ಸಂದಿಯನ್ನು ಪೂರ್ತಿ ಒಣಗಿಸಿ, ಹುಣ್ಣಿನ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ತೆಳ್ಳಗೆ ಹಚ್ಚಿ. ಕ್ಲೋಟ್ರಿಮಜೋಲ್ ಆದರೆ ಗುಣವಾಯಿತು ಅನ್ನಿಸಿದ ಮೇಲೂ ಒಂದೆರಡು ವಾರ ಬಿಡಬೇಡಿ. ಬಹಳಷ್ಟು ಜನ ಸೋಲುವುದು ಇಲ್ಲೇ, ತುರಿಕೆ ನಿಂತ ದಿನವೇ ಟ್ಯೂಬ್ ಕಪಾಟು ಸೇರುತ್ತದೆ.

ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿ. ಪಾದದ ಅಡಿ ಪೂರ್ತಿ, ಹಿಮ್ಮಡಿಯ ಪಕ್ಕದವರೆಗೂ ಹಿಟ್ಟು ಉದುರುವಂತೆ ಒಣ ಸಿಪ್ಪೆ ಏಳುತ್ತಿದ್ದರೆ ಅದೂ ಫಂಗಸ್ ಇರಬಹುದು. ಚಳಿಗೆ ಒಡೆದಿದೆ ಅಂದುಕೊಂಡು ವರ್ಷಗಟ್ಟಲೆ ಎಣ್ಣೆ ಹಚ್ಚುತ್ತಾ ಕೂತವರಿದ್ದಾರೆ. ಊರುವ ಜಾಗದಲ್ಲಿ ಸೂಜಿಯಿಂದ ಚುಚ್ಚಿದಂಥ ಪುಟ್ಟ ಗುಳಿಗಳಿದ್ದು, ಕೆಟ್ಟ ವಾಸನೆ ಬರುತ್ತಿದ್ದರೆ ಅದು ಬೇರೆಯೇ, ಬ್ಯಾಕ್ಟೀರಿಯಾದ್ದು. ಅದಕ್ಕೆ ಹಚ್ಚುವ ಆಂಟಿಬಯಾಟಿಕ್ ಬೇಕು, ಜೊತೆಗೆ ಪಾದದಲ್ಲಿ ಬೆವರಿನ ತೇವ ಉಳಿಯದಂತೆ ನೋಡಿಕೊಳ್ಳಬೇಕು. ಇನ್ನು ಅಂಗಾಲಿನ ಗಟ್ಟಿ ಗಂಟನ್ನೆಲ್ಲ ಆಣಿ ಅಂತ ಬ್ಲೇಡಿನಿಂದ ಕೆತ್ತಬೇಡಿ. ಎರಡೂ ಪಕ್ಕದಿಂದ ಚಿವುಟಿದಾಗ ನೋವು ಜಾಸ್ತಿಯಾಗಿ, ಒಳಗೆ ಕಪ್ಪು ಚುಕ್ಕೆಗಳು ಕಂಡರೆ ಅದು ವೈರಸ್ಸಿನಿಂದ ಬಂದ ನರಹುಲಿ. ಕೆತ್ತಿದರೆ ಹರಡುತ್ತದೆ.

ಉಗುರಿನ ವಿಷಯ ಸ್ವಲ್ಪ ತಾಳ್ಮೆಯದ್ದು. ಹಳದಿಯಾದ, ದಪ್ಪವಾದ ಉಗುರೆಲ್ಲ ಫಂಗಸ್ಸಿನದ್ದೇ ಅಲ್ಲ. ಬೂಟಿನ ಒತ್ತಡಕ್ಕೆ, ಸೋರಿಯಾಸಿಸ್ಸಿಗೂ ಹಾಗಾಗುತ್ತದೆ. ಆದ್ದರಿಂದ ಉಗುರಿನ ಚೂರು ಕತ್ತರಿಸಿ, ಅಡಿಯ ಪುಡಿಯನ್ನೂ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿಸಿದ ಮೇಲೆಯೇ ಮಾತ್ರೆ ಶುರು ಮಾಡುವುದು ಸರಿ. ಹೌದು ಅಂತಾದರೆ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, 12 ವಾರ, ಡಾಕ್ಟರ್ ಬರೆದುಕೊಟ್ಟ ಮೇಲೆ ಮಾತ್ರ. ಅದಕ್ಕೂ ಮೊದಲು ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಮಾತ್ರೆ ಮುಗಿದಾಗಲೂ ಉಗುರು ಹಳದಿಯೇ ಇದ್ದರೆ ಮದ್ದು ಕೆಲಸ ಮಾಡಲಿಲ್ಲ ಅಂತ ಎದೆಗುಂದಬೇಡಿ. ಹೆಬ್ಬೆರಳ ಉಗುರು ಬುಡದಿಂದ ತುದಿಗೆ ಬೆಳೆದು ಬರಲು 12ರಿಂದ 18 ತಿಂಗಳು ಬೇಕು, ಬುಡದಲ್ಲಿ ಹೊಸ ಉಗುರು ತಿಳಿಯಾಗಿ ಬರುತ್ತಿದೆಯೇ ಅಂತ ನೋಡಿ. ಉಗುರಿಗೆ ಚಿಕಿತ್ಸೆ ಮಾಡದೆ ಚರ್ಮಕ್ಕೆ ಮಾತ್ರ ಮಾಡಿದರೆ, ಉಗುರಲ್ಲಿ ಉಳಿದ ಫಂಗಸ್ ಮತ್ತೆ ಬೆರಳ ಸಂದಿಗೆ ಇಳಿಯುತ್ತದೆ. ನಿಮ್ಮದು ಮರುಕಳಿಸುತ್ತಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಬೂಟುಗಳನ್ನು ದಿನ ಬಿಟ್ಟು ದಿನ ಹಾಕಿ, ನಡುವೆ ಒಣಗಲಿ. ಕಾಲೊರೆಸುವ ಬಟ್ಟೆ ಬೇರೆ ಇರಲಿ. ಬಟ್ಟೆ ಹಾಕಿಕೊಳ್ಳುವಾಗ ಒಳಚಡ್ಡಿಗಿಂತ ಮೊದಲು ಕಾಲುಚೀಲ ಹಾಕಿ, ಇಲ್ಲದಿದ್ದರೆ ಕಾಲಿನ ಫಂಗಸ್ ತೊಡೆಸಂದಿಗೆ ಹತ್ತುತ್ತದೆ.

ನನಗೆ ಹೆಚ್ಚು ಭಯ ಆ ಸಂದಿಯ ಬಿರುಕಿನದ್ದು. ಅದರ ಮೂಲಕ ಬ್ಯಾಕ್ಟೀರಿಯಾ ಒಳಹೊಕ್ಕರೆ ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ, ಜ್ವರವೂ ಬರಬಹುದು. ಹಾಗೇನಾದರೂ ಕಂಡರೆ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ, ಕೆಂಪು ಆ ಗೆರೆಯನ್ನು ದಾಟಿ ಹರಡಿದೆಯೋ ಇಲ್ಲವೋ ಅವರಿಗೂ ತಿಳಿಯುತ್ತದೆ. ಇದಕ್ಕೆ ಕ್ರೀಮ್ ಸಾಲದು, ಆಂಟಿಬಯಾಟಿಕ್ ಮಾತ್ರೆಯೋ ಇಂಜೆಕ್ಷನ್ನೋ ಬೇಕು.

ನಿಮಗೆ ಸಕ್ಕರೆ ಕಾಯಿಲೆ ಇದೆಯೇ ಅಂತ ಬರೆದಿಲ್ಲ. ಇದ್ದರೆ ಮೇಲೆ ಹೇಳಿದ ಯಾವುದನ್ನೂ ಸ್ವಂತವಾಗಿ ಮಾಡಬೇಡಿ, ನೋವಿಲ್ಲ ಅಂತ ಸುಮ್ಮನಿರಲೂ ಬೇಡಿ. ನರ ಮಂಕಾದ ಪಾದದಲ್ಲಿ ಕೀವಾದರೂ ಗೊತ್ತಾಗದೇ ಹೋಗಬಹುದು. ಈ ವಾರವೇ ತೋರಿಸಿ, ಕೆಂಪು, ಊತ, ಕೀವು ಏನಾದರೂ ಇದ್ದರೆ ಅದೇ ದಿನ.