ಜಾಗ ಹಿಡಿದು ಕೂರುವ ರಾಕ್ಲೋಪ್ರೈಡ್

ಪ್ರಶ್ನೆ: ನಾನು ಔಷಧಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ಪ್ರಯೋಗಾಲಯದಲ್ಲಿರುವ, ಡೋಪಮೈನ್‌ನ ಕೆಲಸ ತಡೆಯುವ ರಾಕ್ಲೋಪ್ರೈಡ್ ಎಂಬ ರಾಸಾಯನಿಕದ ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂದಿದೆ. ಆದರೆ ಮೆದುಳಿನ ಪೆಟ್ ಸ್ಕ್ಯಾನ್‌ಗಾಗಿ (ವಿಕಿರಣಶೀಲ ವಸ್ತುವಿನ ಜಾಡು ಹಿಡಿದು ಚಿತ್ರ ತೆಗೆಯುವ ವಿಧಾನ) ಇದನ್ನೇ ಮನುಷ್ಯರಿಗೆ ಚುಚ್ಚುತ್ತಾರೆಂದು ಓದಿದ್ದೇನೆ. ಎರಡೂ ನಿಜವೇ?

ಉತ್ತರ: ಎರಡೂ ನಿಜ. ಆ ಎಚ್ಚರಿಕೆ ಅಣುವಿನ ಕುರಿತದ್ದಲ್ಲ, ನಿಮ್ಮ ಸೀಸೆಯೊಳಗಿನ ಪುಡಿಯ ಕುರಿತದ್ದು. ರಕ್ತನಾಳಕ್ಕೆ ಹೋಗುವ ವಸ್ತುವಿಗೆ ಬೇಕಾದ ಶುದ್ಧತೆಯ, ಸೋಂಕುರಹಿತತೆಯ ಪರೀಕ್ಷೆಗಳು ಆ ಪುಡಿಗೆ ಆಗಿರುವುದಿಲ್ಲ.

ಡೋಪಮೈನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ಅದು ಬಂದು ಕೂರುವ ಗ್ರಾಹಕಗಳು, ಅಂದರೆ ಕೋಶದ ಮೇಲಿನ ಪ್ರೋಟೀನ್‌ಗಳು, ಐದು ಬಗೆ. ಅವುಗಳಲ್ಲಿ ರಾಕ್ಲೋಪ್ರೈಡ್ ಮುಖ್ಯವಾಗಿ ಡಿ2 ಮತ್ತು ಡಿ3ಗಳಲ್ಲಿ ಹೋಗಿ ಕೂರುತ್ತದೆ. ಕೂತರೂ ಗ್ರಾಹಕವನ್ನು ಚಾಲೂ ಮಾಡದೆ, ಡೋಪಮೈನ್‌ಗೆ ಸಿಗಬೇಕಾದ ಜಾಗವನ್ನಷ್ಟೇ ಹಿಡಿದಿಡುತ್ತದೆ. ಸ್ಕ್ಯಾನ್‌ಗೆ ಬಳಸುವಾಗ ಅದರಲ್ಲಿ ವಿಕಿರಣಶೀಲ ಕಾರ್ಬನ್-11 ಸೇರಿಸುತ್ತಾರೆ. ಇದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 20 ನಿಮಿಷ ಮಾತ್ರ. ಹಾಗಾಗಿ ಕಾರ್ಬನ್-11 ತಯಾರಿಸುವ ಯಂತ್ರವಾದ ಸೈಕ್ಲೋಟ್ರಾನ್ ಹತ್ತಿರವೇ ಇರಬೇಕು. ತಯಾರಿಸಿ, ಶುದ್ಧೀಕರಿಸಿ, ಪರೀಕ್ಷಿಸಿ ಚುಚ್ಚುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ವಿಕಿರಣ ಕರಗಿಹೋಗಿರುತ್ತದೆ. ಪರದೆಯ ಮೇಲೆ, ಡಿ2 ದಟ್ಟವಾಗಿರುವ, ಮೆದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗ ಎರಡೂ ಬದಿಯಲ್ಲಿ ಪ್ರಖರವಾಗಿ ಮೂಡುತ್ತದೆ. ಡಿ2 ಬಲು ವಿರಳವಾಗಿರುವ ಅನುಮಸ್ತಿಷ್ಕ ಮಂಕಾಗಿರುವುದರಿಂದ ಅದನ್ನೇ ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ.

ನನಗೆ ಇದರಲ್ಲಿ ಅತ್ಯಂತ ಸೊಗಸೆನಿಸುವುದು ರಾಕ್ಲೋಪ್ರೈಡ್‌ನ ಹಿಡಿತ ಸಡಿಲವಾಗಿರುವುದು. ಆಂಫೆಟಮಿನ್ ಎಂಬ ಉತ್ತೇಜಕ ಔಷಧ ಕೊಟ್ಟು ಡೋಪಮೈನ್ ಹೆಚ್ಚಿಸಿದಾಗ ಗ್ರಾಹಕಗಳಿಗಾಗಿ ಪೈಪೋಟಿ ಏರ್ಪಟ್ಟು, ರಾಕ್ಲೋಪ್ರೈಡ್‌ನ ಸಂಕೇತ ಕುಗ್ಗುತ್ತದೆ. ಬದುಕಿರುವ ಮನುಷ್ಯನ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆಯಾದದ್ದನ್ನು, ತಲೆಬುರುಡೆ ತೆರೆಯದೆ, ಹೀಗೆ ಪರೋಕ್ಷವಾಗಿ ಅಳೆಯಬಹುದು.

1980ರ ದಶಕದಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಮತ್ತು ಸಹೋದ್ಯೋಗಿಗಳು ಇದೇ ವಿಧಾನದಿಂದ, ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಔಷಧಗಳು ಎಷ್ಟು ಡಿ2 ಗ್ರಾಹಕಗಳನ್ನು ಆಕ್ರಮಿಸುತ್ತವೆ ಎಂದು ಲೆಕ್ಕ ಹಾಕಿದರು. ಅಲ್ಲಿಂದ ಬೆಳೆದ ಅಧ್ಯಯನಗಳ ಪ್ರಕಾರ, ಹ್ಯಾಲೊಪೆರಿಡಾಲ್‌ನಂಥ ಔಷಧಗಳ ಗುಣ ಸಾಮಾನ್ಯವಾಗಿ ಶೇ. 65ರ ಆಸುಪಾಸಿನಷ್ಟು ಡಿ2 ಗ್ರಾಹಕಗಳು ಆಕ್ರಮಿತವಾದಾಗ ಕಾಣಿಸುತ್ತದೆ, ಶೇ. 80 ದಾಟಿದರೆ ಕೈಕಾಲು ಬಿಗಿತ, ನಡುಕಗಳ ಸಾಧ್ಯತೆ ಹೆಚ್ಚುತ್ತದೆ. ರೋಗಿಗೆ ಅನಗತ್ಯವಾಗಿ ದೊಡ್ಡ ಡೋಸ್ ಕೊಡಬಾರದೆಂಬ ಮಾತಿಗೆ ಇದರಿಂದ ಗಟ್ಟಿ ಆಧಾರ ಸಿಕ್ಕಿತು.

ಸ್ಕ್ಯಾನ್‌ನಲ್ಲಿ ದೇಹಕ್ಕೆ ಹೋಗುವುದು ಮೈಕ್ರೋಗ್ರಾಂಗಳ ಲೆಕ್ಕದಲ್ಲಿ. ಅದು ಮುಚ್ಚುವ ಗ್ರಾಹಕಗಳು ತೀರ ಕಡಿಮೆಯಾದ್ದರಿಂದ ಔಷಧದ ಪರಿಣಾಮವೇ ಕಾಣುವುದಿಲ್ಲ. ನಿಮ್ಮ ಸೀಸೆಯಲ್ಲಿರುವುದು ಮಿಲಿಗ್ರಾಂಗಳಲ್ಲಿ. ತೂಗುವಾಗ ಕೈಗವಸು, ಮುಖಗವಸು ತಪ್ಪಿಸಬೇಡಿ.