ಜೇಬಿನಲ್ಲೇ ಉಳಿದಿದ್ದ ಚೀಟಿ

ಕುಡಿತ ಬಿಡಲು ನನ್ನ ಹತ್ತಿರ ಸಲಹೆಗೆ ಬಂದವರೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಅಂಗಿ ಜೇಬಿನಿಂದ ಅವರು ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಮಡಿಕೆಯ ಚೀಟಿ. ಕಲಬುರಗಿಯ ಮೇ ತಿಂಗಳ ಬೆವರಿಗೆ ಶಾಯಿ ಹರಡಿ, ಫೋನ್ ನಂಬರಿನ ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು. ಕುಡಿತ ಬಿಡಬೇಕು ಅನ್ನುವವರು ಸೇರುವ ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯ ವಿಳಾಸ ಅದು. ತಿಂಗಳ ಹಿಂದೆ ನಾನೇ ಬರೆದುಕೊಟ್ಟಿದ್ದೆ.

"ಮೂರು ಸಲ ಹೋಗೀನ್ರಿ ಮೇಡಂ. ಗೇಟ್ ತನಕ ಹೋಗಿ ತಿರುಗಿ ಬಂದೀನಿ. ಒಳಗ ಯಾರರೆ ನಮ್ಮ ಮಂದಿ ಇದ್ದರ ಹ್ಯಾಂಗ್ರಿ?"

ವಯಸ್ಸು 42. ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮಿಲ್ಲು ಬಿಡುವುದು ಸಂಜೆ ಆರಕ್ಕೆ, ಮನೆ ಸೇರುವುದು ಹತ್ತಕ್ಕೆ. ನಡುವಿನ ನಾಲ್ಕು ತಾಸು ಎಲ್ಲಿ ಕಳೆಯುತ್ತವೆ ಅಂತ ಇಡೀ ಓಣಿಗೆ ಗೊತ್ತು.

ವೈನ್ ಶಾಪ್ ಮುಂದೆ ನಿಂತಾಗ ನಿಮ್ಮ ಮಂದಿ ನೋಡಲಿಲ್ವಾ ಅಂತ ಬಾಯಿಗೆ ಬಂತು. ಕೇಳಲಿಲ್ಲ. ಆ ಮಾತನ್ನು ಅವರು ಮನೆಯಲ್ಲಿ ದಿನಾ ಕೇಳುತ್ತಾರೆ. ನಾಚಿಕೆಯಿಂದಲೇ ಗೇಟಿನಿಂದ ತಿರುಗಿದವರ ತಲೆಗೆ ಇನ್ನಷ್ಟು ನಾಚಿಕೆ ಹೊರಿಸಬಾರದು. ಬರೀ ವಿಳಾಸ ಕೊಟ್ಟು ಕಳಿಸಿದ್ದು ನನ್ನ ತಪ್ಪು. ಆ ಗೇಟು ಒಬ್ಬರೇ ದಾಟುವಂಥದ್ದಲ್ಲ.

ಅವತ್ತು ಅವರಿಗೆ ಎ.ಎ. ಹುಟ್ಟಿದ ಕಥೆ ಹೇಳಿದೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ನ್ಯೂಯಾರ್ಕಿನಿಂದ ವ್ಯವಹಾರಕ್ಕೆ ಬಂದ ಬಿಲ್ ಎಂಬ ಷೇರುಪೇಟೆಯ ಮನುಷ್ಯನ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತು ಅಷ್ಟೇ. ಹೋಟೆಲಿನಲ್ಲಿ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಟೆಲಿಫೋನ್ ಹಿಡಿದ. ಗುರುತಿಲ್ಲದ ಪಾದ್ರಿಗೆ ಫೋನ್ ಮಾಡಿ, ನನ್ನಂಥ ಇನ್ನೊಬ್ಬ ಕುಡುಕನ ಹತ್ತಿರ ಮಾತಾಡಬೇಕು ಅಂತ ಕೇಳಿದ. ಹಾಗೆ ಸಿಕ್ಕವರು ಬಾಬ್ ಎಂಬ ಸರ್ಜನ್. ಕಾಲು ಗಂಟೆ ಮಾತ್ರ ಅಂತ ಕೂತ ಬಾಬ್ ತಾಸುಗಟ್ಟಲೆ ಏಳಲಿಲ್ಲ. ಜೂನ್ 10, ಅವರು ಕೊನೆಯ ಸಲ ಕುಡಿದ ದಿನ ಅಂತ ಎ.ಎ. ಲೆಕ್ಕ ಇಡುತ್ತದೆ.

"ಡಾಕ್ಟರ್ ಸುದ್ದಾ ಕುಡೀತಿದ್ರೇನ್ರಿ?" ಅಂದರು. ಸ್ವಲ್ಪ ಹೊತ್ತು ಸುಮ್ನೆ ಕೂತು, ನನ್ನ ಹತ್ತಿರ ಸರಿಯಾದ ನಂಬರ್ ಕೇಳಿ ಅಲ್ಲೇ ಫೋನ್ ಮಾಡಿದರು. ಕೈ ನಡುಗಿ ಎರಡು ಸಲ ತಪ್ಪು ಒತ್ತಿದರು. ಆ ಕಡೆಯ ದನಿ ಹೆಸರು, ಕುಲ, ಕೆಲಸ ಏನೂ ಕೇಳಲಿಲ್ಲ. "ಬರೂ ಮುಂದ ಒಂದ್ ಮಿಸ್ ಕಾಲ್ ಕೊಡ್ರಿ ಅಣ್ಣಾ. ಗೇಟಿನ್ಯಾಗ ನಿಂತಿರ್ತೀನಿ" ಅಂತ ಮಾತ್ರ ಹೇಳಿತು.

ಆದರೆ ಸಭೆಗಿಂತ ಮೊದಲು ಆಸ್ಪತ್ರೆಗೆ ಕಳಿಸಿದೆ. ಇದನ್ನು ಒತ್ತಿ ಹೇಳುತ್ತೇನೆ. ಹೋದ ವರ್ಷ ಇವರು ಹಟಕ್ಕೆ ಬಿದ್ದು ಒಮ್ಮೆಲೇ ಬಿಟ್ಟಿದ್ದರು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿದಾಡುತ್ತಿವೆ ಅಂತ ಕೂಗಾಡಿದರು. ದೆವ್ವ ಬಡಿದಿದೆ ಅಂತ ಮನೆಯವರು ತಾಯತ ಕಟ್ಟಿಸಿದರು. ಅದು ದೆವ್ವವಲ್ಲ. ದಿನಾ ಜಾಸ್ತಿ ಕುಡಿದ ದೇಹಕ್ಕೆ ಮದ್ಯ ನಿಂತರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಬುದ್ಧಿ ಕಲಕಿ, ಇಲ್ಲದ್ದು ಕಾಣಬಹುದು. ಜೀವಕ್ಕೂ ಅಪಾಯ. ಅದಕ್ಕೇ ಮನೋರೋಗ ವಿಭಾಗದ ಡಾಕ್ಟರ್ ಅವರನ್ನು ಅಡ್ಮಿಟ್ ಮಾಡಿಕೊಂಡು ಮಾತ್ರೆ, ಬಿ1 ವಿಟಮಿನ್ ಕೊಟ್ಟು ನೋಡಿಕೊಂಡರು. ಮನೆಗೆ ಬಂದ ಮೇಲೆ ಸಭೆ.

ಸಭೆಗೆ ಫೀ ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಮೊದಲ ದಿನ ಬಾಯಿ ಬಿಡದೆ ಕೂತು ಬಂದರೂ ಆಯಿತು ಅಂತ ಹೇಳಿದ್ದೆ. ಇವರು ನಾಲ್ಕು ಸಭೆ ಹಾಗೇ ಕೂತರಂತೆ. ಹೆದರಿದ್ದಂತೆ ಗುರುತಿನವರೊಬ್ಬರು ಒಳಗಿದ್ದರು. ಅವರು ತಮ್ಮ ಪಕ್ಕದ ಕುರ್ಚಿ ಸರಿಸಿ ಜಾಗ ಕೊಟ್ಟರು. ಅಷ್ಟೇ.

ಸಭೆ ಇಲ್ಲದ ಸಂಜೆಗಳಿಗೆ ಬೇರೆ ಉಪಾಯ ಬೇಕಿತ್ತು. ಮಿಲ್ಲಿನಿಂದ ಮನೆಗೆ ಹೋಗುವ ದಾರಿ ಬದಲಿಸಿ, ಹೊಟ್ಟೆ ಹಸಿದಿರಲು ಬಿಡಬೇಡಿ, ಆರಕ್ಕೇ ಏನಾದರೂ ತಿನ್ನಿ ಅಂದೆ. ಸಂಬಳದ ದಿನ ಹೆಂಡತಿಯೇ ಮಿಲ್ಲಿನ ಹತ್ತಿರ ಬರಲಿ ಅಂದೆ. ರಾತ್ರಿ ಮನಸ್ಸು ಹಿಡಿತ ತಪ್ಪಿದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲೇ ಸೇವ್ ಮಾಡಿಸಿದೆ. ಹೆಂಡತಿಗೆ ಬೇರೆಯಾಗಿ ಸಮಯ ಕೊಟ್ಟೆ. ಆ ತಾಯಿ ಹದಿನೈದು ವರ್ಷ ಬಾಟಲಿ ಹುಡುಕುತ್ತಾ, ಸಾಲ ತೀರಿಸುತ್ತಾ ಬಂದವರು. ಕುಡಿಯುವವರ ಮನೆಮಂದಿಗಾಗಿಯೇ ಅಲ್-ಅನಾನ್ ಎಂಬ ಬಳಗ ಇದೆ. ಅವರೀಗ ಫೋನಿನಲ್ಲಿ ಅದರ ಸಭೆ ಕೇಳುತ್ತಾರೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಭಾವಂದಿರ ಜೊತೆ ಮತ್ತೆ ಕುಡಿದರು. ನನಗೆ ಮುಖ ತೋರಿಸಲಿಲ್ಲ, ಎರಡು ವಾರ. ಗೇಟಿನಲ್ಲಿ ನಿಂತಿದ್ದ ಆ ಅಣ್ಣನೇ ಮನೆಗೆ ಹೋಗಿ, ಬೈಯದೆ, ಚಹಾ ಕುಡಿದು, ಬೈಕಿನಲ್ಲಿ ಕೂರಿಸಿಕೊಂಡು ಸಭೆಗೆ ಕರೆತಂದರು. ಆಗ ನಾನು ಮಾಡಿದ್ದು ಇಷ್ಟೇ, ಡಾಕ್ಟರ ಹತ್ತಿರ ಮತ್ತೆ ಕಳಿಸಿದೆ. ದಿನಗಳನ್ನು ಮತ್ತೆ ಒಂದರಿಂದ ಎಣಿಸೋಣ ಅಂದೆ.

ಮೊನ್ನೆ ಸಂಜೆ ಆರೂವರೆಗೆ ಹೇಗಿದ್ದೀರಿ ಅಂತ ಫೋನ್ ಮಾಡಿದೆ. ಹಿಂದೆ ರೈಲಿನ ಗದ್ದಲ ಕೇಳುತ್ತಿತ್ತು. "ಸ್ಟೇಷನ್‌ದಾಗ ಇದ್ದೀನ್ರಿ ಮೇಡಂ. ಯಾದಗಿರಿಯಿಂದ ಒಬ್ಬ ಹುಡುಗ ಮೊದಲ್ನೇ ಸಲ ಸಭಾಕ್ಕ ಬರಾಕತ್ಯಾನ. ಇಳದು ಹಂಗೇ ತಿರುಗಿ ಹೋಗ್ಯಾನು, ಆಮ್ಯಾಲೆ ಮಾತಾಡ್ತೀನಿ" ಅಂತ ಫೋನ್ ಇಟ್ಟರು.